ಪಕ್ಕದ ಸೀಟಿನ ದೀಪ

ನಮ್ಮ ಮ್ಯಾನೇಜರಿಗೆ ನಾವು ಕಾಣುತ್ತಿರಲಿಲ್ಲ, ನಮ್ಮ ಮಾನಿಟರುಗಳು ಕಾಣುತ್ತಿದ್ದವು. ಕೊಂಕು ಮಾತಲ್ಲ, ಇದ್ದದ್ದೇ ಹಾಗೆ. ಗೊರಗುಂಟೆಪಾಳ್ಯದ ಸಿಗ್ನಲ್ಲಿಗೆ ಹತ್ತಿರದ ಕಟ್ಟಡವೊಂದರ ಎರಡನೇ ಮಹಡಿಯಲ್ಲಿ ನಮ್ಮ ಆಫೀಸು. ಲಾರಿಗಳ ಧೂಳು ಒಳಗೆ ಬರುತ್ತದೆಂದು ಕಿಟಕಿಗಳಿಗೆ ಪ್ಲೈವುಡ್ ಹೊಡೆದು ಮುಚ್ಚಿದ್ದರು. ಕರೆಂಟ್ ಬಿಲ್ ಜಾಸ್ತಿ ಬರುತ್ತದೆಂದು ಟ್ಯೂಬ್‌ಲೈಟುಗಳಲ್ಲಿ ಅರ್ಧ ಕಿತ್ತಿದ್ದರು. ಮಟಮಟ ಮಧ್ಯಾಹ್ನವೂ ಮುಸ್ಸಂಜೆಯಂತಿರುತ್ತಿದ್ದ ಆ ಹಾಲಿನ ಹಿಂಬದಿಗೆ ಅವರ ಕ್ಯಾಬಿನ್. ಅದರ ಗಾಜಿಗೆ ಮಬ್ಬು ಹಾಳೆ ಅಂಟಿಸಿತ್ತು. ಒಮ್ಮೆ ಸಹಿ ಹಾಕಿಸಲು ಒಳಗೆ ಹೋದಾಗ ಅವರ ಕುರ್ಚಿಯ ಪಕ್ಕ ನಿಂತು ಹೊರಗೆ ನೋಡಿದ್ದೆ. ನಾವೆಲ್ಲ ಬರೀ ನೆರಳು. ಯಾವುದು ಕುರ್ಚಿ, ಯಾವುದು ಕುರ್ಚಿಯಲ್ಲಿ ಕೂತ ಮನುಷ್ಯ ಎಂದು ಗೊತ್ತಾಗುತ್ತಿರಲಿಲ್ಲ. ಉರಿಯುವ ಮಾನಿಟರುಗಳು ಮಾತ್ರ ನೀಲಿ ಚೌಕಗಳಾಗಿ ಎದ್ದು ಕಾಣುತ್ತಿದ್ದವು. ಯಾವ ಚೌಕ ಕತ್ತಲಾಯಿತೋ ಆ ಸೀಟಿನವರು ಎದ್ದು ಹೋಗಿದ್ದಾರೆ ಎಂದು ಅವರ ಲೆಕ್ಕ. ತಕ್ಷಣ ಇಂಟರ್‌ಕಾಮ್ ಬಡಿದುಕೊಳ್ಳುತ್ತಿತ್ತು. "ಏನ್ರೀ, ಮೂರನೇ ಸಾಲಲ್ಲಿ ಯಾಕೆ ಕತ್ತಲೆ?"

ಎರಡು ಸಾವಿರದ ಹದಿನಾರು, ಹದಿನೇಳರ ಸುಮಾರಿನ ಮಾತು. ಲಾರಿ ಸಾಗಣೆಯ ರಸೀದಿಗಳನ್ನು ನೋಡಿಕೊಂಡು ಕಂಪ್ಯೂಟರಿಗೆ ಏರಿಸುವುದು ನಮ್ಮ ಕೆಲಸ. ಯಾವ ಊರಿನಿಂದ ಯಾವ ಊರಿಗೆ, ಎಷ್ಟು ಮೂಟೆ, ಯಾವ ಲಾರಿ. ಮೂರನೇ ಸಾಲಿನ ಮೂಲೆಯಲ್ಲಿ ನಾನು, ನನ್ನ ಪಕ್ಕ ಅವಳು. ಇಬ್ಬರಿಗೂ ಸೇರಿ ದಿನಕ್ಕೊಂದು ರಸೀದಿ ಕಟ್ಟು ಕೊಡುತ್ತಿದ್ದರು. ಯಾರು ಎಷ್ಟು ಟೈಪ್ ಹೊಡೆದರು ಎಂದು ಯಾರೂ ಕೇಳುತ್ತಿರಲಿಲ್ಲ, ಸಂಜೆಗೆ ಕಟ್ಟು ಮುಗಿದಿದ್ದರೆ ಸಾಕು.

ನಾನು ಅಬ್ಬಿಗೆರೆಯವಳು. ಅಂದರೆ ಅಲ್ಲಿಗೆ ಸೊಸೆಯಾಗಿ ಬಂದವಳು. ಅತ್ತೆಯ ಕಾಲದಲ್ಲಿ ರಾಗಿ ಬೆಳೆಯುತ್ತಿದ್ದ ಹೊಲದಲ್ಲಿ ಈಗ ನಮ್ಮವರೇ ಕಟ್ಟಿಸಿದ ಬಾಡಿಗೆ ಮನೆಗಳಿವೆ. "ನಿಂಗ್ಯಾಕೆ ಕೆಲ್ಸ? ಬಾಡಿಗೆ ಬತ್ತದಲ್ಲ" ಎಂದು ನೆಂಟರೆಲ್ಲ ಕೇಳಿದ್ದಾರೆ. ಬಾಡಿಗೆ ಬರುವುದು ಗಂಡಸರ ಕೈಗೆ, ನನಗೆ ಬರುವುದು ಬಾಡಿಗೆಯವರ ನೀರಿನ ಜಗಳ ಎಂದು ಯಾರಿಗೂ ಬಿಡಿಸಿ ಹೇಳಲಿಲ್ಲ. ನನ್ನ ಬಾಯಿ ಸ್ವಲ್ಪ ಜೋರು. ಆಫೀಸಿನಲ್ಲಿ ಹಿಂದಿನಿಂದ ನನಗೇನು ಹೆಸರಿಟ್ಟಿದ್ದರು ಎಂಬುದೂ ಗೊತ್ತು, ಅದಿರಲಿ.

ಅವಳು ಟಿ. ದಾಸರಹಳ್ಳಿಯಲ್ಲೇ ಹುಟ್ಟಿ ಬೆಳೆದವಳು. ನನಗಿಂತ ಹತ್ತು ಹನ್ನೆರಡು ವರ್ಷಕ್ಕೆ ಚಿಕ್ಕವಳು. ಗಂಡ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಶಿಫ್ಟ್ ಕೆಲಸ ಮಾಡುತ್ತಿದ್ದ. ಮಕ್ಕಳಿರಲಿಲ್ಲ. ಮೆಟ್ರೋದಲ್ಲಿ ಬಂದಿಳಿದು, ಮೆಟ್ಟಿಲು ಹತ್ತುವಾಗಲೇ "ಅಕ್ಕಾ, ಇವತ್ತೇನು ಡಬ್ಬೀಲಿ?" ಎಂದು ಶುರುಮಾಡುತ್ತಿದ್ದಳು. ನನ್ನ ಬಸ್ಸಾರು ಎಂದರೆ ಪ್ರಾಣ. ತಾನು ತಂದ ಚಿತ್ರಾನ್ನವನ್ನು ನನಗೆ ಕೊಟ್ಟು ನನ್ನ ಮುದ್ದೆಯನ್ನು ಎತ್ತಿಕೊಂಡುಬಿಡುತ್ತಿದ್ದಳು, ನಾನು ಬೈಯುತ್ತಿದ್ದೆ, ಮರುದಿನ ಎರಡು ಮುದ್ದೆ ತರುತ್ತಿದ್ದೆ.

ಅವಳು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ತಮಾಷೆ ನಡೆಯಿತು. ಸಂಜೆ ಎಲ್ಲರೂ ಹೊರಟಿದ್ದೆವು. ನಾನು ಚಪ್ಪಲಿ ಮೆಟ್ಟಿಕೊಳ್ಳುತ್ತಾ, "ನಿನ್ ದೀಪ ದೊಡ್ಡದು ಮಾಡೇ, ಹೊರಡೋಣ" ಎಂದೆ. ಅವಳು ಮಾನಿಟರಿನ ಕೆಳಗೆ ಕೈ ಹಾಕಿ ಏನೋ ಒತ್ತತೊಡಗಿದಳು. ನೋಡಿದರೆ ಪರದೆ ಬೆಳ್ಳಗೆ, ಇನ್ನೂ ಬೆಳ್ಳಗೆ, ಕಣ್ಣು ಕುಕ್ಕುವ ಹಾಗೆ ಆಗುತ್ತಿದೆ.

"ಏನೇ ಮಾಡ್ತಿದ್ದೀಯ?"

"ನೀವೇ ಅಂದ್ರಲ್ಲಕ್ಕಾ, ದೊಡ್ಡದು ಮಾಡು ಅಂತ. ಬ್ರೈಟ್‌ನೆಸ್ ಜಾಸ್ತಿ ಮಾಡ್ತಿದ್ದೀನಿ."

ನಾನು ಗೋಡೆ ಹಿಡಿದುಕೊಂಡು ನಕ್ಕೆ. ನಮ್ಮ ಮನೆಯಲ್ಲಿ ದೀಪ ಆರಿಸು ಎನ್ನುವಂತಿಲ್ಲ. ಮದುವೆಯಾದ ಹೊಸತರಲ್ಲಿ ಒಮ್ಮೆ ಬಾಯಿ ತಪ್ಪಿ ಅಂದುಬಿಟ್ಟಿದ್ದಕ್ಕೆ ಅತ್ತೆ, "ಇಂಗೆಲ್ಲ ಅನ್ಬಾರ್ದು ಕಣವ್ವ, ಮನೆ ದೀಪ ಅದು. ದೊಡ್ಡದು ಮಾಡು ಅನ್ಬೇಕು" ಎಂದು ತಿದ್ದಿದ್ದರು. ಕುಂಕುಮ ಮುಗಿದರೆ ಹೆಚ್ಚಿತು ಅನ್ನಬೇಕು, ಹೋಗುವಾಗ ಬರ್ತೀನಿ ಅನ್ನಬೇಕು, ದೀಪ ಆರಿಸುವಾಗ ದೊಡ್ಡದು ಮಾಡಬೇಕು. ಅದನ್ನೆಲ್ಲ ಹೇಳಿದಾಗ ಅವಳೂ ಬಿದ್ದು ಬಿದ್ದು ನಕ್ಕಳು. "ಒಳ್ಳೇ ಭಾಷೆ ನಿಮ್ದು, ಎಲ್ಲಾ ಉಲ್ಟಾ" ಎಂದಳು. ಅಂದಿನಿಂದ ಸಂಜೆ ಮಾನಿಟರ್ ಆಫ್ ಮಾಡುವಾಗಲೆಲ್ಲ "ದೊಡ್ಡದಾಯ್ತು ಅಕ್ಕಾ" ಎನ್ನುವುದು ಅವಳಿಗೆ ಅಭ್ಯಾಸವಾಯಿತು. ಅಕ್ಕಪಕ್ಕದವರಿಗೆ ಏನೂ ಅರ್ಥವಾಗುತ್ತಿರಲಿಲ್ಲ.

ಆಮೇಲೆ ಅವಳ ಎದೆಯಲ್ಲಿ ಗಂಟು ಕಾಣಿಸಿಕೊಂಡಿತು.

ಆಪರೇಷನ್ನಿಗೆ ರಜೆ ಹಾಕುವಾಗ ಅಪೆಂಡಿಕ್ಸ್ ಎಂದು ಬರೆದಿದ್ದಳು. ನಿಜ ಗೊತ್ತಿದ್ದದ್ದು ನನಗೊಬ್ಬಳಿಗೆ. ನಾವೆಲ್ಲ ಕಾಂಟ್ರಾಕ್ಟಿನವರು. ಆಫೀಸಿನ ಪಟ್ಟಿಯಲ್ಲಿ ಹೆಸರಿರುವ ತನಕ ವಿಮೆ ಇತ್ತು, ಹೆಸರು ಹೋದರೆ ವಿಮೆಯೂ ಹೋಗುತ್ತಿತ್ತು. ಹಿಂದಿನ ವರ್ಷ ಎರಡನೇ ಸಾಲಿನ ಒಬ್ಬಾಕೆ ತನಗೆ ಹುಷಾರಿಲ್ಲ, ಆಗಾಗ ಆಸ್ಪತ್ರೆಗೆ ಹೋಗಬೇಕಾಗುತ್ತದೆ ಎಂದು ಮ್ಯಾನೇಜರ್ ಹತ್ತಿರ ಹೋಗಿ ನಿಜ ಹೇಳಿಕೊಂಡಿದ್ದಳು. "ಅಯ್ಯೋ ಪಾಪ, ಚೆನ್ನಾಗಿ ರೆಸ್ಟ್ ತಗೊಳ್ಳಿ ಮೇಡಂ" ಎಂದರಂತೆ. ಮುಂದಿನ ತಿಂಗಳು ಅವಳ ಕಾಂಟ್ರಾಕ್ಟ್ ಮುಂದುವರಿಯಲಿಲ್ಲ. ನಿಜ ಹೇಳಿದ್ದಕ್ಕೆ ಸಿಕ್ಕ ಬಹುಮಾನ ಅದು. ನಾವು ಅದನ್ನು ಕಣ್ಣಾರೆ ಕಂಡವರು.

ಆಪರೇಷನ್ ಆದಮೇಲೆ ಕರೆಂಟ್ ಕೊಡಬೇಕು ಎಂದರು. ವಿಕಿರಣ ಚಿಕಿತ್ಸೆಗೆ ನಮ್ಮ ಕಡೆ ಹಾಗೇ ಅನ್ನುವುದು. ಭಾನುವಾರ ಬಿಟ್ಟು ದಿನಾ ಹೋಗಬೇಕು, ವಾರಗಟ್ಟಲೆ. ಮೆಷಿನ್ ಕೆಳಗೆ ಮಲಗುವುದು ಹತ್ತು ನಿಮಿಷ, ಆದರೆ ಆಸ್ಪತ್ರೆ ಇದ್ದದ್ದು ಹೆಬ್ಬಾಳದ ಹತ್ತಿರ. ಬಿಇಎಲ್ ಸರ್ಕಲ್, ಕುವೆಂಪು ಸರ್ಕಲ್ ದಾಟಿ ಆಟೋದಲ್ಲಿ ಹೋಗಿ ಬರುವಷ್ಟರಲ್ಲಿ ಎರಡು ಗಂಟೆ ಹಿಡಿಯುತ್ತಿತ್ತು. ಬೆಳಿಗ್ಗೆಯ ಸರದಿ ಸಿಗಲಿಲ್ಲ, ಮಧ್ಯಾಹ್ನದ್ದೇ ಸಿಕ್ಕಿತು. ಊಟಕ್ಕೆ ನಮಗಿದ್ದ ಬಿಡುವು ಅರ್ಧ ಗಂಟೆ.

"ಏನ್ ಮಾಡ್ಲಿ ಅಕ್ಕಾ?" ಎಂದು ಡಬ್ಬಿಯ ಮುಚ್ಚಳ ತೆಗೆಯದೆ ಕೂತಿದ್ದಳು.

"ಹೋಗು. ಹೋಗಿ ಬಾ. ಗೇಟಲ್ಲಿ ಕಾರ್ಡ್ ಉಜ್ಜೋದು ಬೆಳಿಗ್ಗೆ ಬಂದಾಗ ಮಾತ್ರ. ಆ ಹಾಜರೀನ ಹೆಡ್ ಆಫೀಸಿನವರು ನೋಡೋದು ತಿಂಗಳ ಕೊನೇಲಿ. ಇಲ್ಲಿ ಆ ಮಹಾನುಭಾವರು ನೋಡೋದು ಮಾನಿಟರ್ ತಾನೆ? ಮಾನಿಟರ್ ನಾನು ನೋಡ್ಕೋತೀನಿ."

ಹೇಳುವುದು ಸುಲಭ. ಸೀಟು ಬಿಟ್ಟು ಏಳುವ ಮುಂಚೆ ಕಂಪ್ಯೂಟರ್ ಲಾಕ್ ಮಾಡಬೇಕು ಎಂದು ಕಂಪನಿಯ ಕಟ್ಟಪ್ಪಣೆ. ಲಾಕ್ ಮಾಡದೆ ಹೋದರೆ ಯಾರಾದರೂ ಕೂತು "ನಾಳೆ ಎಲ್ಲರಿಗೂ ನನ್ನ ಕಡೆಯಿಂದ ಮಸಾಲೆ ದೋಸೆ" ಎಂದು ನಿಮ್ಮ ಹೆಸರಿನಲ್ಲಿ ಇಡೀ ಆಫೀಸಿಗೆ ಮೇಲ್ ಕಳಿಸುತ್ತಿದ್ದರು. ಅದು ತಮಾಷೆ. ಹಾಗೇ ಬಿಟ್ಟರೂ ಸ್ವಲ್ಪ ಹೊತ್ತಿಗೆ ತಾನಾಗಿಯೇ ಲಾಕ್ ಆಗುತ್ತಿತ್ತು. ಲಾಕ್ ಆದಾಗ ನೀಲಿ ಚಿತ್ರದ ಮೇಲೆ ದೊಡ್ಡದಾಗಿ ಗಡಿಯಾರ ಬರುತ್ತಿತ್ತು. ಅಲ್ಲಿಯವರೆಗೆ ತೊಂದರೆಯಿಲ್ಲ, ನಮ್ಮ ಕೆಲಸದ ಪುಟವೂ ನೀಲಿಯೇ, ಮಬ್ಬು ಗಾಜಿನ ಹಿಂದಿನಿಂದ ಯಾವ ನೀಲಿಯಾದರೇನು. ಆದರೆ ಲಾಕ್ ಆದ ಒಂದು ನಿಮಿಷಕ್ಕೆ ಮಾನಿಟರ್ ಕತ್ತಲಾಗುತ್ತಿತ್ತು. ಆಗ ಮೌಸ್ ಅಲುಗಾಡಿಸಬೇಕು. ಮತ್ತೆ ಒಂದು ನಿಮಿಷ ಬೆಳಕು. ಮತ್ತೆ ಕತ್ತಲು.

ಮೊದಲ ದಿನ ಅವಳು ಹೊರಟಾಗ ಬ್ಯಾಗನ್ನು ಕುರ್ಚಿಯ ಮೇಲೇ ಬಿಟ್ಟು, ದುಪಟ್ಟಾ ಸರಿಮಾಡಿಕೊಂಡು, ಬಗ್ಗಿ ಹೇಳಿದಳು: "ಅಕ್ಕಾ, ದೀಪ ನೋಡ್ಕೊಳ್ಳಿ. ಬರ್ತೀನಿ."

ನೋಡಿಕೊಂಡೆ. ಅವಳ ಮೌಸನ್ನು ಅಡ್ಡಹಲಗೆಯ ಕೆಳಗಿನ ಸಂದಿಯಿಂದ ಎಳೆದು ನನ್ನ ಮೇಜಿಗೆ ತಂದುಕೊಂಡೆ. ಎಡಗೈಯಲ್ಲಿ ಅವಳ ಮೌಸ್, ಬಲಗೈಯಲ್ಲಿ ನನ್ನದು. ಯಾವುದು ಯಾರದು ಎಂದು ಮರೆತು, ನನ್ನದನ್ನು ಗಿರಗಿರ ಆಡಿಸಿ ಅವಳದು ಆರಿಹೋಗುವುದನ್ನು ನೋಡಿ ಹೌಹಾರುತ್ತಿದ್ದೆ. ತುಮಕೂರಿನ ಮೂಟೆಗಳನ್ನು ಹೊಸೂರಿಗೆ ಕಳಿಸಿದ್ದೂ ಆಗಿನ ಕಾಲದಲ್ಲೇ. ನವರಾತ್ರಿಯಲ್ಲಿ ನಮ್ಮ ಮನೆಯಲ್ಲಿ ಒಂಬತ್ತು ದಿನ ಆರದ ಹಾಗೆ ದೀಪ ಹಾಕುತ್ತಾರೆ. ಆ ದಿನಗಳಲ್ಲಿ ಅತ್ತೆ ಹೊಸಲು ದಾಟುವುದಿಲ್ಲ. ಎಣ್ಣೆ ನೋಡುವುದು, ಬತ್ತಿ ಸರಿಸುವುದು, ಗಾಳಿ ಬಂದರೆ ಬಾಗಿಲು ಹಾಕುವುದು, ಇದೇ ಅವರ ಧ್ಯಾನ. ಅದನ್ನು ಕಂಡು ಒಳಗೊಳಗೇ ನಗುತ್ತಿದ್ದವಳು ನಾನು. ಈಗ ನೋಡಿದರೆ ನಾನೇ ಕಣ್ಣಲ್ಲಿ ಎಣ್ಣೆ ಬಿಟ್ಟುಕೊಂಡು ಪ್ಲಾಸ್ಟಿಕ್ಕಿನ ಒಂದು ಡಬ್ಬ ಕಾಯುತ್ತಿದ್ದೆ. ಆಗ ನನಗೆ ಅದರಲ್ಲಿ ನಂಬಿಕೆಯೂ ಹುಟ್ಟಿಬಿಟ್ಟಿತ್ತು ಎಂಬುದೇ ಸತ್ಯ. ಇದು ಉರಿಯುತ್ತಿದ್ದರೆ ಅವಳ ಹೆಸರು ಪಟ್ಟಿಯಲ್ಲಿರುತ್ತದೆ, ಹೆಸರಿದ್ದರೆ ವಿಮೆ ಇರುತ್ತದೆ, ವಿಮೆ ಇದ್ದರೆ ಚಿಕಿತ್ಸೆ, ಚಿಕಿತ್ಸೆ ಇದ್ದರೆ ಅವಳು. ಇಷ್ಟು ಉದ್ದದ ದಾರವನ್ನು ಎಡಗೈಯ ಮೌಸಿಗೆ ಕಟ್ಟಿಕೊಂಡು ಕೂತಿದ್ದೆ.

ಒಂದು ದಿನ ನಾನು ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಕತ್ತಲಾಗಿಬಿಟ್ಟಿತ್ತು. ಇಂಟರ್‌ಕಾಮ್ ಬಡಿದುಕೊಳ್ಳುತ್ತಿತ್ತು.

"ಏನ್ರೀ ಮೇಡಂ, ನಿಮ್ಮ ಪಕ್ಕದವರು ಎಲ್ಲಿ?"

"ಇಲ್ಲೇ ಇದ್ದಾರೆ ಸಾರ್, ಬಗ್ಗಿ ಬಿದ್ದ ಪೇಪರ್ ಎತ್ಕೋತಿದ್ದಾರೆ" ಎಂದು ಮೌಸ್ ಎಳೆದೆ. ಅವರು ಇಟ್ಟುಬಿಟ್ಟರು. ಎದ್ದು ಬಂದು ನೋಡುವ ಜಾಯಮಾನ ಅವರದಲ್ಲ, ಅದೊಂದು ಪುಣ್ಯ. ಆದರೆ ಸಂಜೆಯವರೆಗೂ ನಾನು ಮತ್ತೆ ಸೀಟು ಬಿಟ್ಟು ಏಳಲಿಲ್ಲ.

ಕೊನೆಗೆ ನಮ್ಮ ಸಿಸ್ಟಮ್ ನೋಡಿಕೊಳ್ಳುವ ಆಸಾಮಿಯನ್ನು ಹಿಡಿದೆ. ಕಂಪ್ಯೂಟರ್ ಕೆಟ್ಟಾಗಲೆಲ್ಲ ಆಫ್ ಮಾಡಿ ಆನ್ ಮಾಡಿ ಎಂದು ಹೇಳುವುದೇ ಅವನ ಉದ್ಯೋಗ. ಲಾಕ್ ಆದರೂ ಮಾನಿಟರ್ ಉರಿಯುತ್ತಲೇ ಇರಬೇಕು, ಪಕ್ಕದ ಸೀಟಿನದು, ಏನಾದರೂ ಮಾಡು ಎಂದೆ.

"ಯಾಕ್ ಮೇಡಂ?"

"ಕತ್ತಲೆ ಕಂಡ್ರೆ ನಂಗಾಗಲ್ಲ."

ಅವನು ನನ್ನ ಮುಖ ನೋಡಿದ. ನಂಬಲಿಲ್ಲ, ಆದರೆ ಕೆದಕಲೂ ಇಲ್ಲ. "ನಂಗೇನ್ ಬಿಡಿ ಮೇಡಂ, ಒಂದ್ ಪ್ಲೇಟ್ ಇಡ್ಲಿ ಕೊಡ್ಸಿ" ಎಂದು ಕೂತ. "ಲಾಕ್ ಆದ್ಮೇಲೆ ಆಫ್ ಆಗೋಕೆ ಬೇರೇನೇ ಒಂದು ಸೆಟ್ಟಿಂಗ್ ಇದೆ. ಅದನ್ನ ಬಚ್ಚಿಟ್ಟಿರ್ತಾರೆ, ನಿಮಗೆ ಕಾಣಲ್ಲ." ಏನೇನೋ ತೆರೆದ, ಏನೇನೋ ಹೊಡೆದ. ಕೊನೆಗೆ ಒಂದು ಎಂದಿದ್ದ ಕಡೆ ಸೊನ್ನೆ ಹಾಕಿದ.

"ಸೊನ್ನೆ ಹಾಕಿದ್ರೆ ತಕ್ಷಣ ಆರೋಗಲ್ವೇನೋ?" ಎಂದೆ ಗಾಬರಿಯಿಂದ.

"ಇಲ್ಲ ಮೇಡಂ. ಇಲ್ಲಿ ಸೊನ್ನೆ ಅಂದ್ರೆ ಯಾವತ್ತೂ ಆಫ್ ಆಗಲ್ಲ ಅಂತ."

ಮಧ್ಯಾಹ್ನ ಅವಳು ಹೆಬ್ಬಾಳದಿಂದ ವಾಪಸು ಬಂದಾಗ ಇದನ್ನು ಹೇಳಿದೆ. ಕತ್ತಿನ ಪಕ್ಕದ ಚರ್ಮ ಕರೆಂಟಿಗೆ ಸುಟ್ಟು ಕಪ್ಪಾಗಿತ್ತು, ದುಪಟ್ಟಾ ಸೋಕಿದರೂ ಉರಿಯುತ್ತದೆ ಎನ್ನುತ್ತಿದ್ದಳು. ಆದರೂ ನಕ್ಕಳು. "ಕಂಪ್ಯೂಟರೂ ನಿಮ್ಮ ಅತ್ತೆ ಭಾಷೇನೇ ಮಾತಾಡುತ್ತಲ್ಲಕ್ಕಾ" ಎಂದಳು.

ಕರೆಂಟ್ ಮುಗಿಯಿತು. ಡಾಕ್ಟರು ಚೆನ್ನಾಗಿದೆ ಎಂದರು. ಕೆಲವು ತಿಂಗಳು ನಿಜಕ್ಕೂ ಚೆನ್ನಾಗಿತ್ತು. ಮುದ್ದೆ ಕಿತ್ತುಕೊಳ್ಳುವುದು ಮತ್ತೆ ಶುರುವಾಯಿತು. ಸೊನ್ನೆಯನ್ನು ತೆಗೆಸಬೇಕೆಂದು ನಮಗಿಬ್ಬರಿಗೂ ತೋಚಲಿಲ್ಲ, ಇರಲಿ ಬಿಡು ಎಂದು ಬಿಟ್ಟೆವು. ಗೌರಿ ಹಬ್ಬದ ಹೊತ್ತಿಗೆ ಬೆನ್ನು ನೋವು ಎಂದಳು. ಕುರ್ಚಿಯದ್ದೇ ತಪ್ಪು ಎಂದು ನಾನು ನನ್ನ ಕುರ್ಚಿ ಕೊಟ್ಟು ಅವಳದ್ದರಲ್ಲಿ ಕೂತೆ. ಆಮೇಲೆ ದಿಂಬು ತಂದುಕೊಟ್ಟೆ. ಕುರ್ಚಿ, ದಿಂಬು, ಮುಲಾಮು. ಎಷ್ಟೊಂದು ಸುಳ್ಳುಗಳನ್ನು ನಮಗೆ ನಾವೇ ಹೇಳಿಕೊಂಡೆವು. ಸ್ಕ್ಯಾನ್ ಮಾಡಿಸಿ ಬಂದ ದಿನ ಅವಳು ಊಟದ ಹೊತ್ತಿನಲ್ಲಿ ಬೆಂಡೇಕಾಯಿ ಪಲ್ಯದ ಬಗ್ಗೆ ಏನೋ ಹೇಳುತ್ತಿದ್ದವಳು, ಅದೇ ದನಿಯಲ್ಲಿ, "ಮೂಳೆಗೆ ಹೋಗಿದೆಯಂತಕ್ಕಾ" ಎಂದಳು. ನಾನು "ಹೂಂ" ಎಂದೆ. ನನ್ನ ಜೋರು ಬಾಯಿ ಎಲ್ಲಿ ಹೋಗಿತ್ತೋ.

ಮಹಾಲಯ ಅಮಾವಾಸ್ಯೆ ಕಳೆದು, ನಮ್ಮ ಮನೆಯಲ್ಲಿ ಅತ್ತೆ ದೀಪ ಹಾಕಿದ ಮೇಲೆ ಒಂದು ದಿನ, ಬೆಳಿಗ್ಗೆ ಬಂದು ಸ್ವಲ್ಪ ಹೊತ್ತು ಕೆಲಸ ಮಾಡಿದಳು. ಆಮೇಲೆ ಕಂಪ್ಯೂಟರ್ ಲಾಕ್ ಮಾಡಿದಳು. ಎದ್ದು ನಿಲ್ಲಲು ಮೇಜು ಹಿಡಿದುಕೊಳ್ಳಬೇಕಾಯಿತು. "ಡಾಕ್ಟರ್ ಒಂದ್ಸಲ ನೋಡ್ಬೇಕಂತೆ. ದೀಪ ನೋಡ್ಕೊಳ್ಳಿ ಅಕ್ಕಾ, ಬರ್ತೀನಿ." ಕೆಳಗೆ ಆಟೋ ಹತ್ತಿಸಿ ಬಂದೆ. ಆಸ್ಪತ್ರೆಯವರು ಅವಳನ್ನು ವಾಪಸು ಕಳಿಸಲಿಲ್ಲ, ಅಡ್ಮಿಟ್ ಮಾಡಿಕೊಂಡರು.

ಮಾನಿಟರ್ ಉರಿಯುತ್ತಿತ್ತು. ಈಗ ನಾನು ಏನೂ ಮಾಡಬೇಕಾಗಿರಲಿಲ್ಲ. ನೀಲಿ ಚಿತ್ರದ ಮೇಲೆ ಗಡಿಯಾರ ತನ್ನ ಪಾಡಿಗೆ ಓಡುತ್ತಿತ್ತು. ಸಂಜೆ ನಾನು ಆಫ್ ಮಾಡಲಿಲ್ಲ. ಬೆಳಿಗ್ಗೆ ಬಂದರೆ ಹಾಗೇ ಇತ್ತು. ಇಬ್ಬರ ಕಟ್ಟನ್ನು ನಾನೊಬ್ಬಳೇ ಹೊಡೆದೆ. ಮರುದಿನವೂ ಹೊಡೆದೆ. ಕೆಲಸ ಮುಗಿಯುತ್ತಿತ್ತು, ಚೌಕ ಉರಿಯುತ್ತಿತ್ತು, ಇಂಟರ್‌ಕಾಮ್ ಮಾತಾಡಲಿಲ್ಲ. ಒಬ್ಬ ಹೆಂಗಸು ದಿನಗಟ್ಟಲೆ ಸೀಟಿನಲ್ಲಿಲ್ಲ ಎಂಬುದು ಆ ಗಾಜಿನ ಹಿಂದೆ ಯಾರಿಗೂ ತಿಳಿಯಲೇ ಇಲ್ಲ. ನಾವೇ ಹೂಡಿದ ಆಟ ಇಷ್ಟು ಚೆನ್ನಾಗಿ ಗೆದ್ದುಬಿಟ್ಟಿತ್ತು. ಇದಕ್ಕಿಂತ ಅವರೊಮ್ಮೆ ಎದ್ದು ಬಂದು ಬೈದಿದ್ದರೆ ಚೆನ್ನಾಗಿತ್ತು ಅನ್ನಿಸುತ್ತಿತ್ತು.

ಭಾನುವಾರ ಮಧ್ಯಾಹ್ನ ಆಸ್ಪತ್ರೆಗೆ ಹೋದೆ. ಬಸ್ಸಾರು ತೆಗೆದುಕೊಂಡು ಹೋಗಿದ್ದೆ. ಅವಳ ಗಂಡ ಬಾಗಿಲಲ್ಲೇ ಸಿಕ್ಕಿದ, ಶಿಫ್ಟಿನ ಯೂನಿಫಾರ್ಮ್‌ನಲ್ಲೇ ಇದ್ದ. "ಏನೂ ಸೇರ್ತಿಲ್ಲ ಅಕ್ಕ" ಎಂದ. ಆದರೂ ಡಬ್ಬಿಯನ್ನು ಎರಡೂ ಕೈಯಲ್ಲಿ ಇಸಿದುಕೊಂಡ.

ಹಾಸಿಗೆಯಲ್ಲಿ ಅವಳು ಬಹಳ ಚಿಕ್ಕವಳಾಗಿಬಿಟ್ಟಿದ್ದಳು. ಕಿಟಕಿಯಾಚೆ ಹೆಬ್ಬಾಳದ ಫ್ಲೈಓವರ್ ಕಾಣುತ್ತಿತ್ತು, ವಿಮಾನ ನಿಲ್ದಾಣಕ್ಕೆ ಹೋಗುವ ಕಾರುಗಳ ಸಾಲು. ನಾನು ಬಾಯಿಗೆ ಬಂದದ್ದನ್ನೆಲ್ಲ ಮಾತಾಡಿದೆ. ಕೊರಿಯರ್‌ನವನು ಬಿದ್ದದ್ದು, ಎರಡನೇ ಸಾಲಿನವರ ಜಗಳ, ಕ್ಯಾಂಟೀನಿನ ಕಾಫಿ. ಅವಳು ಕಣ್ಣು ಮುಚ್ಚಿಕೊಂಡು ಕೇಳಿಸಿಕೊಂಡಳು.

"ಇನ್ನೂ ಉರೀತಿದೆಯಾ ಅಕ್ಕಾ?" ಎಂದು ಕೇಳಿದಳು.

"ಉರೀತಿದೆ ಕಣೇ. ಒಬ್ಬರಿಗೂ ಗೊತ್ತಾಗಿಲ್ಲ. ನೀನು ಆರಾಮಾಗಿ ಬಾ."

ಹೂಂ ಎಂದು ತಲೆಯಾಡಿಸಿದಳು. ಆಮೇಲೆ ನನ್ನ ಕೈ ಹುಡುಕಿ ಹಿಡಿದುಕೊಂಡಳು. "ದೊಡ್ಡದು ಮಾಡ್ಬಿಡಿ ಅಕ್ಕಾ" ಎಂದಳು.

ನನಗೆ ಅರ್ಥವಾಗಲಿಲ್ಲ ಎಂದು ಹೇಗೆ ಹೇಳಲಿ? ಆ ಮಾತನ್ನು ಅವಳಿಗೆ ಕಲಿಸಿದವಳೇ ನಾನು. "ಹೂಂ ಮಾಡ್ತೀನಿ, ನೀನು ಮಲ್ಕೋ" ಎಂದೆ. ಹೊರಡುವಾಗ "ಬರ್ತೀನಿ" ಎಂದೆ. ಅವಳು "ಬನ್ನಿ" ಎಂದಳು. ಕೆಳಗೆ ಬಂದು ಬಸ್ ಸ್ಟಾಪಿನಲ್ಲಿ ನಿಂತು ಜನರೆಲ್ಲ ನೋಡುವ ಹಾಗೆ ಅತ್ತುಬಿಟ್ಟೆ. ಒಬ್ಬರು ನೀರಿನ ಬಾಟಲಿ ಕೊಟ್ಟರು.

ಸೋಮವಾರ ಬೆಳಿಗ್ಗೆ ಆಫೀಸಿಗೆ ಬಂದವಳೇ ಅವಳ ಮಾನಿಟರಿನ ಮುಂದೆ ನಿಂತೆ. ಕೆಳಗಿನ ಬಟನ್ನುಗಳಿಗೆ ಕೈ ಹಾಕಿದೆ. ಅವಳು ಹೇಳಿದ್ದೇನು ಎಂದು ನನಗೆ ಗೊತ್ತು. ಆದರೆ ಆ ಮಾತು ಮೊದಲ ಸಲ ಕೇಳಿದಾಗ ಅವಳು ಅರ್ಥ ಮಾಡಿಕೊಂಡಿದ್ದಳಲ್ಲ, ಹಾಗೇ ಮಾಡಿದೆ. ಬ್ರೈಟ್‌ನೆಸ್ ಒತ್ತುತ್ತಾ ಹೋದೆ. ಇನ್ನು ಏರುವುದಿಲ್ಲ ಎನ್ನುವ ತನಕ ಒತ್ತಿದೆ. ಮೂಲೆಯೆಲ್ಲ ಬೆಳಗಿತು. ದೊಡ್ಡದು ಮಾಡು ಅಂದೆಯಲ್ಲೇ, ಮಾಡಿದ್ದೀನಿ ನೋಡು, ಇದಕ್ಕಿಂತ ದೊಡ್ಡದು ನನ್ನ ಕೈಲಾಗಲ್ಲ ಎಂದು ಮನಸ್ಸಿನಲ್ಲೇ ಅವಳೊಂದಿಗೆ ಜಗಳವಾಡಿದೆ.

ಆ ವಾರವೇ ಆಫೀಸಿನಲ್ಲಿ ಆಯುಧ ಪೂಜೆ. ಮ್ಯಾನೇಜರು ಆ ದಿನ ಪಂಚೆ ಉಟ್ಟುಕೊಂಡು ಬಂದಿದ್ದರು. ಬೂದುಗುಂಬಳಕಾಯಿ, ಬಾಳೆಹಣ್ಣು, ಚೆಂಡು ಹೂವಿನ ಹಾರ, ಕಡ್ಲೆಪುರಿ ಮೂಟೆ ಎಲ್ಲ ಬಂದಿತ್ತು. ಆಯುಧಕ್ಕೆ ಇವತ್ತು ವಿಶ್ರಾಂತಿ, ಎಲ್ಲರೂ ಸಿಸ್ಟಮ್ ಆಫ್ ಮಾಡಿ ಎಂದು ಹೇಳಿಕಳಿಸಿದರು. ಎಲ್ಲ ಪರದೆಗಳೂ ಆರಿದವು. ಆ ಕತ್ತಲೆ ಹಾಲಿನಲ್ಲಿ ನಮ್ಮ ಮೂಲೆಯ ಒಂದು ಮಾನಿಟರ್ ಹಬ್ಬದ ಮನೆಯ ಹಾಗೆ ಉರಿಯುತ್ತಿತ್ತು.

ಮ್ಯಾನೇಜರು ಮಂಗಳಾರತಿ ತಟ್ಟೆ ಹಿಡಿದು ಸಾಲು ಸಾಲಾಗಿ ಬಂದರು. ಪ್ರತಿ ಮಾನಿಟರಿಗೂ ಕುಂಕುಮದ ಬೊಟ್ಟು, ಒಂದು ಹೂ. ನಮ್ಮ ಮೂಲೆಗೆ ಬಂದು ನಿಂತರು. ಕುರ್ಚಿ ಖಾಲಿ. ಕುರ್ಚಿಯ ಮೇಲೆ ನಾನು ಕೊಟ್ಟ ದಿಂಬು. ಈಗ ಕೇಳುತ್ತಾರೆ, ಈಗ ಎಲ್ಲ ಹೇಳಿಬಿಡುತ್ತೇನೆ, ಆದದ್ದಾಗಲಿ ಎಂದು ನಾನು ಹಲ್ಲು ಕಚ್ಚಿ ನಿಂತಿದ್ದೆ.

"ನೋಡ್ರಪ್ಪಾ, ಇವರೊಬ್ಬರು ಪೂಜೆ ಹೊತ್ತಲ್ಲೂ ಕೆಲಸ ಬಿಟ್ಟಿಲ್ಲ" ಎಂದು ಎಲ್ಲರಿಗೂ ಕೇಳುವಂತೆ ಹೇಳಿದರು. "ಇಂಥವರನ್ನ ನೋಡಿ ಕಲೀಬೇಕು. ನಾನು ಗಮನಿಸ್ತಾನೇ ಇದೀನಿ, ಸೀಟು ಬಿಟ್ಟು ಏಳೋದೇ ಇಲ್ಲ ಈ ಯಮ್ಮ. ಎಲ್ಲಿ, ಪುರಿ ತಗೊಳ್ಳೋಕೆ ಹೋದ್ರಾ?"

ಎಲ್ಲರೂ ನನ್ನ ಕಡೆ ನೋಡಿದರು. ನಾನು ಬಾಯಿ ತೆರೆದೆ. ಆದರೆ ವಿಮೆ ನೆನಪಾಯಿತು. ಹಾಸಿಗೆಯಲ್ಲಿ ಮಲಗಿದ್ದವಳಿಗೆ ಹನಿಹನಿಯಾಗಿ ಇಳಿಯುತ್ತಿದ್ದ ನೋವಿನ ಔಷಧಿ ನೆನಪಾಯಿತು. "ಹೂಂ ಸಾರ್" ಎಂದೆ. ಅವರು ಅವಳ ಮಾನಿಟರಿಗೆ ಎರಡು ಹೂ ಮುಡಿಸಿ, ಆರತಿ ಎತ್ತಿ, ಗಡಿಯಾರದ ನೆತ್ತಿಗೆ ಸರಿಯಾಗಿ ಕುಂಕುಮ ಇಟ್ಟು ಮುಂದಕ್ಕೆ ಹೋದರು. ಅವಳ ಪಾಲಿನ ಕಡ್ಲೆಪುರಿಯನ್ನೂ ಸ್ವೀಟ್ ಬಾಕ್ಸನ್ನೂ ನಾನೇ ಇಸಿದುಕೊಂಡೆ.

ವಿಜಯದಶಮಿ ಕಳೆಯಿತು. ಮನೆಯಲ್ಲಿ ಅತ್ತೆ ಕೈ ಮುಗಿದು, ಹೂವಿನಿಂದ ಒತ್ತಿ ದೀಪವನ್ನು ದೊಡ್ಡದು ಮಾಡಿದರು. "ಏನೂ ಇಗ್ನ ಆಗ್ದೆ ನಡೀತು ಕಣವ್ವ" ಎಂದು ನಿಟ್ಟುಸಿರು ಬಿಟ್ಟರು. ಅವರಿಗೆ ಒಂಬತ್ತು ದಿನ ಎಂದು ಗೊತ್ತಿತ್ತು. ನನ್ನದಕ್ಕೆ ಅಂಥ ಲೆಕ್ಕವಿರಲಿಲ್ಲ.

ಅದಾದ ಕೆಲವು ದಿನಕ್ಕೆ, ಊಟದ ಹೊತ್ತು ಮುಗಿದು ಎಲ್ಲರೂ ಸೀಟಿಗೆ ಮರಳುತ್ತಿದ್ದಾಗ ನನ್ನ ಮೊಬೈಲಿಗೆ ಫೋನ್ ಬಂತು. ಅವಳ ಗಂಡ. "ಅಕ್ಕ" ಎಂದ. ಹಿಂದೆ ಆಸ್ಪತ್ರೆಯ ಲಿಫ್ಟಿನ ಸದ್ದು ಕೇಳುತ್ತಿತ್ತು. "ಯಾವಾಗ?" ಎಂದೆ. "ಈಗ್ಲೇ" ಎಂದ. ಸಂಜೆ ದಾಸರಹಳ್ಳಿಯ ಮನೆಗೆ ತರುತ್ತಾರಂತೆ. ಬರುತ್ತೇನೆ ಎಂದೆ.

ಫೋನ್ ಇಟ್ಟು ಎದ್ದೆ. ಅವಳ ಮಾನಿಟರಿನ ಮೇಲೆ ಹೂ ಒಣಗಿ ಕಪ್ಪಾಗಿತ್ತು, ಕುಂಕುಮ ಹಾಗೇ ಇತ್ತು. ಗಡಿಯಾರ ಓಡುತ್ತಿತ್ತು. ಅವಳಿಗೆ ಇನ್ನು ವಿಮೆ ಬೇಕಾಗಿರಲಿಲ್ಲ, ಪಟ್ಟಿಯಲ್ಲಿ ಹೆಸರು ಬೇಕಾಗಿರಲಿಲ್ಲ. ಅಷ್ಟು ಉದ್ದದ ದಾರದ ಆ ತುದಿಯಲ್ಲಿ ಯಾರೂ ಇರಲಿಲ್ಲ. ಬಟನ್ ಮೇಲೆ ಬೆರಳಿಟ್ಟೆ. ಒತ್ತಿದೆ. ಮೂಲೆ ಕತ್ತಲಾಯಿತು. ಇಷ್ಟು ದಿನ ಆ ಬೆಳಕಿಗೆ ಕಣ್ಣು ಒಗ್ಗಿಹೋಗಿತ್ತೇನೋ, ನನ್ನ ಕೈ ನನಗೇ ಕಾಣಲಿಲ್ಲ.

ನಾನು ಕೂರುವಷ್ಟರಲ್ಲಿ ಇಂಟರ್‌ಕಾಮ್ ಬಡಿದುಕೊಂಡಿತು.

"ಏನ್ರೀ ಮೇಡಂ, ನಿಮ್ಮ ಪಕ್ಕ ಯಾಕೆ ಕತ್ತಲೆ? ಆ ಯಮ್ಮ ಎಲ್ಲಿ?"

"ದೊಡ್ಡದಾಯ್ತು ಸಾರ್" ಎಂದೆ.

"ಏನು?"

"ದೊಡ್ಡದಾಯ್ತು."

ಲೈನ್ ಸರಿಯಿಲ್ಲ ಎಂದುಕೊಂಡರೋ ಏನೋ. "ಸರಿ ಸರಿ, ಬಂದ ತಕ್ಷಣ ಆನ್ ಮಾಡ್ಕೊಳ್ಳೋಕೆ ಹೇಳಿ" ಎಂದು ಇಟ್ಟುಬಿಟ್ಟರು.

ಮೇಜಿನ ಮೇಲೆ ನಮ್ಮಿಬ್ಬರ ಕಟ್ಟು ಅರ್ಧ ಉಳಿದಿತ್ತು. ಸಂಜೆಯೊಳಗೆ ಮುಗಿಸಿ, ದಾಸರಹಳ್ಳಿಗೆ ಹೋದೆ.